ಒಬ್ಬರಿಗೆ ಎದೆ, ಇನ್ನೊಬ್ಬರಿಗೆ ತಲೆ: ಪ್ಯಾನಿಕ್ ಕಾಯಿಲೆಯ ಹಲವು ರೂಪ

ಪ್ಯಾನಿಕ್ ಅಟ್ಯಾಕ್ ಅಂದ ಕೂಡಲೇ ಹೆಚ್ಚಿನವರ ಕಣ್ಣಮುಂದೆ ಬರುವುದು ಒಂದೇ ಚಿತ್ರ: ಎದೆ ಡವಡವ ಹೊಡೆದುಕೊಳ್ಳುತ್ತದೆ, ಮೈಯೆಲ್ಲ ಬೆವರುತ್ತದೆ, ಉಸಿರು ಸಿಗದೆ ಮನುಷ್ಯ ಒದ್ದಾಡುತ್ತಾನೆ. ಈ ಚಿತ್ರ ಸುಳ್ಳಲ್ಲ. ಆದರೆ ಇದೊಂದನ್ನೇ ನಂಬಿದರೆ ಕಾಯಿಲೆ ಇರುವ ಬಹಳಷ್ಟು ಮಂದಿ ಲೆಕ್ಕದಿಂದ ಹೊರಗೆ ಉಳಿಯುತ್ತಾರೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿಯ ಐದನೇ ಆವೃತ್ತಿ ಈ ದಾಳಿಗೆ 13 ಲಕ್ಷಣಗಳನ್ನು ಪಟ್ಟಿ ಮಾಡುತ್ತದೆ: ಎದೆಬಡಿತ ಜೋರಾಗುವುದು, ಬೆವರು, ನಡುಕ, ಉಸಿರು ಸಾಲದಂತಾಗುವುದು, ಗಂಟಲು ಕಟ್ಟಿದಂತಾಗುವುದು, ಎದೆನೋವು, ಹೊಟ್ಟೆ ತೊಳಸುವುದು, ತಲೆಸುತ್ತು, ಚಳಿ ಅಥವಾ ಮೈ ಬಿಸಿಯೇರುವುದು, ಕೈಕಾಲು ಜೋಮು, ಸುತ್ತಲಿನದೆಲ್ಲ ನಿಜವಲ್ಲ ಅನ್ನಿಸುವುದು, ಹಿಡಿತ ತಪ್ಪಿ ಹುಚ್ಚು ಹಿಡಿಯುತ್ತದೆಂಬ ಭಯ, ಸಾಯುತ್ತೇನೆಂಬ ಭಯ. ಇವುಗಳಲ್ಲಿ ಯಾವುದಾದರೂ ನಾಲ್ಕು ಏಕಾಏಕಿ ಒಟ್ಟಿಗೆ ಎದ್ದು, ಕೆಲವೇ ನಿಮಿಷಗಳಲ್ಲಿ ತುದಿ ಮುಟ್ಟಿದರೆ ಅದು ಪೂರ್ಣ ಪ್ರಮಾಣದ ದಾಳಿ. ಹದಿಮೂರರಲ್ಲಿ ನಾಲ್ಕು ಅಥವಾ ಅದಕ್ಕಿಂತ ಹೆಚ್ಚನ್ನು ಆರಿಸುವ ಬಗೆಗಳೆಷ್ಟು ಎಂದು ಲೆಕ್ಕ ಹಾಕಿದರೆ 7,814 ಬರುತ್ತದೆ. ಒಬ್ಬರಲ್ಲಿ ಕಾಣುವ ಒಂದೇ ಒಂದು ಲಕ್ಷಣವೂ ಇನ್ನೊಬ್ಬರಲ್ಲಿ ಇಲ್ಲದೆ ಇಬ್ಬರಿಗೂ ಇದೇ ಕಾಯಿಲೆ ಇರಬಹುದು.

ಹಾಗಾಗಿ 'ಅವರಿಗೆ ಆದ ಹಾಗೆ ನನಗೆ ಆಗುವುದಿಲ್ಲ, ನನ್ನದು ಬೇರೆ ಏನೋ ದೊಡ್ಡ ಕಾಯಿಲೆ' ಎಂಬ ತರ್ಕಕ್ಕೆ ಆಧಾರವಿಲ್ಲ. 'ಅವರಿಗೂ ಹೀಗೇ ಆಗಿತ್ತಂತೆ, ಅದು ಪ್ಯಾನಿಕ್ ಅಂತೆ, ನನ್ನದೂ ಅದೇ' ಎಂಬುದಕ್ಕೂ ಆಧಾರವಿಲ್ಲ. ಪ್ಯಾನಿಕ್ ಕಾಯಿಲೆಯನ್ನು ಮೈಯಲ್ಲಿ ಕಾಣುವ ಲಕ್ಷಣ ಯಾವುದು ಎಂಬುದರಿಂದ ಗುರುತಿಸಲು ಹೊರಟರೆ ಎಡವುತ್ತೇವೆ. ಅದರ ನಡೆಯಿಂದ ಗುರುತಿಸಬೇಕು. ದಾಳಿ ಕಾರಣವಿಲ್ಲದೆ, ಮತ್ತೆ ಮತ್ತೆ ಬರುತ್ತದೆಯೇ? ಒಂದು ಬಂದು ಹೋದ ಮೇಲೆ ಕನಿಷ್ಠ ಒಂದು ತಿಂಗಳಾದರೂ 'ಮತ್ತೆ ಬಂದರೆ?' ಎಂಬ ಚಿಂತೆ ಕಾಡುತ್ತದೆಯೇ? ಅಥವಾ ಅದನ್ನು ತಪ್ಪಿಸಿಕೊಳ್ಳಲೆಂದು ದಿನಚರಿಯನ್ನೇ ಬದಲಿಸಿಕೊಳ್ಳಲಾಗಿದೆಯೇ? ಕೈಪಿಡಿ ಕೂಡ ಕಾಯಿಲೆ ಎನ್ನುವುದಕ್ಕೆ ಇದನ್ನೇ ಕೇಳುತ್ತದೆ. ಹಾಗಂತ ಲಕ್ಷಣಗಳ ವೈವಿಧ್ಯವನ್ನು ಬದಿಗಿಡುವಂತಿಲ್ಲ. ರೋಗಿ ಮೊದಲು ಯಾವ ವೈದ್ಯರ ಬಾಗಿಲು ತಟ್ಟುತ್ತಾರೆ, ಎಷ್ಟು ವರ್ಷ ತಡವಾಗುತ್ತದೆ, ಕೊನೆಗೆ ಚಿಕಿತ್ಸೆಯಲ್ಲಿ ಏನನ್ನು ಅಭ್ಯಾಸ ಮಾಡಿಸಬೇಕಾಗುತ್ತದೆ ಎನ್ನುವುದನ್ನೆಲ್ಲ ತೀರ್ಮಾನಿಸುವುದು ಆ ವೈವಿಧ್ಯವೇ.

ಇಷ್ಟೊಂದು ಬಗೆ ಏಕೆ? ಮೊದಲ ಕಾರಣ ಶರೀರದಲ್ಲೇ ಇದೆ. ಅಪಾಯ ಬಂತು ಎಂದು ಮೆದುಳು ನಂಬಿದಾಗ ಏಳುವ ಪ್ರತಿಕ್ರಿಯೆ ಒಂದೇ ಅಂಗಕ್ಕೆ ಸೀಮಿತವಲ್ಲ. ಅಡ್ರಿನಲಿನ್ ಹೃದಯದ ವೇಗ ಹೆಚ್ಚಿಸುತ್ತದೆ, ಕೈ ನಡುಗಿಸುತ್ತದೆ. ಚರ್ಮದ ರಕ್ತನಾಳಗಳು ಕಿರಿದಾಗಿ ಬೆರಳು ತಣ್ಣಗಾಗುತ್ತವೆ. ಜೀರ್ಣಾಂಗಗಳ ಲಯ ಕೆಟ್ಟು ಹೊಟ್ಟೆ ತೊಳಸುತ್ತದೆ, ಕೆಲವರಿಗೆ ತಕ್ಷಣ ಶೌಚಕ್ಕೆ ಓಡಬೇಕು ಅನ್ನಿಸುತ್ತದೆ. ಉಸಿರಾಟ ಜೋರಾದಾಗ ಇನ್ನೊಂದು ಸರಣಿ ಶುರುವಾಗುತ್ತದೆ. ಬೇಕಾದ್ದಕ್ಕಿಂತ ಹೆಚ್ಚು ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಅದರಿಂದ ಮೆದುಳಿನ ರಕ್ತನಾಳಗಳು ತುಸು ಸಂಕುಚಿತಗೊಂಡು ತಲೆ ಹಗುರಾದಂತೆ, ಎದುರಿನ ದೃಶ್ಯ ಮಂಜಿನಾಚೆ ಇದ್ದಂತೆ ಆಗುತ್ತದೆ. ರಕ್ತದ ಕ್ಷಾರೀಯತೆ ಏರಿ, ಬಳಕೆಗೆ ಸಿಗುವ ಕ್ಯಾಲ್ಸಿಯಂ ಕಡಿಮೆಯಾಗಿ ತುಟಿಯ ಸುತ್ತ, ಬೆರಳ ತುದಿಯಲ್ಲಿ ಜೋಮು ಹಿಡಿಯುತ್ತದೆ. ಅತಿಯಾದಾಗ ಬೆರಳುಗಳು ಸೆಟೆದುಕೊಳ್ಳುವುದೂ ಉಂಟು. ವಿಚಿತ್ರವೆಂದರೆ, ಆಗ ರಕ್ತದಲ್ಲಿ ಆಮ್ಲಜನಕಕ್ಕೆ ಏನೂ ಕೊರತೆ ಇರುವುದಿಲ್ಲ, ಆದರೂ 'ಉಸಿರು ಸಾಲುತ್ತಿಲ್ಲ' ಎಂಬ ಭಾವನೆ ಬಲವಾಗಿರುತ್ತದೆ. ಈ ಎರಡು ಸರಣಿಗಳಲ್ಲಿ ಯಾವುದು ಯಾರಲ್ಲಿ ಮುಂದೆ ನಿಲ್ಲುತ್ತದೆ ಎನ್ನುವುದರ ಮೇಲೆ ದಾಳಿಯ ರೂಪ ಬದಲಾಗುತ್ತದೆ.

ಎರಡನೆಯ ಕಾರಣ ಮನಸ್ಸಿನ ಗಮನ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಮಂಡಿಸಿದ ವಿವರಣೆ ಇಂದಿಗೂ ಚಿಕಿತ್ಸೆಯ ತಳಹದಿಯಾಗಿ ಉಳಿದಿದೆ. ಮೈಯಲ್ಲಿ ಆಗುವ ಒಂದು ಸಣ್ಣ ಬದಲಾವಣೆಯನ್ನು ವ್ಯಕ್ತಿ ಭಾರೀ ಅನಾಹುತದ ಮುನ್ಸೂಚನೆ ಎಂದು ಓದುತ್ತಾನೆ. ಆ ಓದಿನಿಂದ ಭಯ ಏರುತ್ತದೆ. ಭಯದಿಂದ ಅದೇ ಬದಲಾವಣೆ ಇನ್ನಷ್ಟು ಜೋರಾಗುತ್ತದೆ. ಅದು ಮೊದಲಿನ ಓದನ್ನೇ ದೃಢಪಡಿಸುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ತಂದೆ ಹೃದಯಾಘಾತದಿಂದ ತೀರಿಕೊಂಡ ಮನೆಯಲ್ಲಿ ಬೆಳೆದವರು ಎದೆಯ ಬಡಿತಕ್ಕೆ ಕಿವಿಗೊಡುತ್ತಾರೆ. ಚಿಕ್ಕಂದಿನಲ್ಲಿ ಆಸ್ತಮಾ ಅನುಭವಿಸಿದವರು ಉಸಿರಿನ ಕಡೆ ನೋಡುತ್ತಾರೆ. ಮನೆಯಲ್ಲಿ ಯಾರಿಗಾದರೂ ತೀವ್ರ ಮಾನಸಿಕ ಕಾಯಿಲೆ ಇದ್ದುದನ್ನು ಕಂಡವರಿಗೆ 'ಇದೆಲ್ಲ ಕನಸಿನ ಹಾಗೆ ಕಾಣುತ್ತಿದೆ' ಎಂಬ ಕ್ಷಣವೇ ಅತ್ಯಂತ ಭಯಂಕರ. ನಾವು ಯಾವುದಕ್ಕೆ ಹೆಚ್ಚು ಹೆದರುತ್ತೇವೋ ಅಲ್ಲಿ ಗಮನ ನೆಡುತ್ತದೆ, ಗಮನ ನೆಟ್ಟ ಕಡೆ ಲಕ್ಷಣ ಗಟ್ಟಿಯಾಗುತ್ತದೆ.

ನಮ್ಮಲ್ಲಿ ಅತಿ ಹೆಚ್ಚು ಜನರನ್ನು ಆಸ್ಪತ್ರೆಗೆ ಓಡಿಸುವುದು ಎದೆಯ ರೂಪ. ಇದಕ್ಕೆ ಹಳೆಯ ಇತಿಹಾಸವೇ ಇದೆ. ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಎದೆನೋವು, ಬಡಿತ, ಏದುಸಿರು ಕಂಡು, ಹೃದಯದಲ್ಲಿ ಮಾತ್ರ ದೋಷ ಸಿಗದ ಸ್ಥಿತಿಯನ್ನು ಜೇಕಬ್ ಮೆಂಡೆಸ್ ಡ ಕೋಸ್ಟಾ ಎಂಬ ವೈದ್ಯ 1871ರಲ್ಲೇ ವಿವರಿಸಿದ್ದ. ಕೆನಡಾದ ಮಾಂಟ್ರಿಯಲ್ ಹೃದಯ ಸಂಸ್ಥೆಯ ತುರ್ತು ವಿಭಾಗಕ್ಕೆ ಎದೆನೋವೆಂದು ನಡೆದು ಬಂದ 441 ಮಂದಿಯ ಅಧ್ಯಯನವೊಂದು 1996ರಲ್ಲಿ ಪ್ರಕಟವಾಯಿತು. ಅವರಲ್ಲಿ ಸುಮಾರು ಕಾಲುಭಾಗದವರಿಗೆ ಪ್ಯಾನಿಕ್ ಕಾಯಿಲೆ ಇತ್ತು, ಮತ್ತು ಅಂಥವರಲ್ಲಿ ಶೇ 98ರಷ್ಟು ಮಂದಿಯನ್ನು ಅಲ್ಲಿನ ಹೃದ್ರೋಗ ತಜ್ಞರು ಗುರುತಿಸಿರಲಿಲ್ಲ. ಕರ್ನಾಟಕದಲ್ಲಿ 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡ ಮೇಲೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿ ನಿಂತರು. 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತಗಳ ಸುದ್ದಿ ದಿನವೂ ಬಂದಾಗ ಮತ್ತೆ ಅದೇ ಆಯಿತು. ಅವರೆಲ್ಲರಿಗೂ ಪ್ಯಾನಿಕ್ ಇತ್ತು ಎಂದು ಯಾರೂ ಹೇಳಲಾರರು. ತಪಾಸಣೆ ಮಾಡಿಸಿಕೊಳ್ಳುವುದೂ ತಪ್ಪಲ್ಲ. ಆದರೆ ಒಂದು ಪ್ರಾಂತ್ಯದ ಜನರ ಭಯ ಒಂದು ಅಂಗದ ಮೇಲೆ ನೆಟ್ಟಿರುವಾಗ, ಪ್ಯಾನಿಕ್ ಕಾಯಿಲೆಯೂ ಅದೇ ಅಂಗದ ವೇಷ ತೊಟ್ಟು ಬರುವುದು ಸಹಜ. ಇಸಿಜಿ ಸರಿ, ಎಕೋ ಸರಿ, ಟಿಎಂಟಿ ಸರಿ, 'ಏನೂ ಇಲ್ಲ, ಆರಾಮಾಗಿರಿ' ಎಂಬ ಮಾತು, ಮೂರು ವಾರಕ್ಕೆ ಮತ್ತೆ ಅದೇ ತುರ್ತು ವಿಭಾಗ: ಈ ಸುತ್ತಾಟ ನಡೆಯುತ್ತಿದ್ದರೆ ಅಲ್ಲಿ 'ಏನೂ ಇಲ್ಲ' ಎಂಬ ಉತ್ತರ ಅಪೂರ್ಣ. ಹೃದಯದಲ್ಲಿ ಏನೂ ಇಲ್ಲ ಎಂಬುದಷ್ಟೇ ಅಲ್ಲಿ ಸಾಬೀತಾಗಿರುತ್ತದೆ.

ಉಸಿರಿನ ರೂಪ ಇದಕ್ಕಿಂತ ಬೇರೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ, ಎದೆಯೊಳಗೆ ಗಾಳಿ ಪೂರ್ತಿ ಇಳಿಯದಂತೆ, ಕಿಟಕಿ ತೆರೆದರೆ ಸಾಕು ಎಂಬಂತೆ ಇವರಿಗೆ ಅನ್ನಿಸುತ್ತದೆ. ಅಮೆರಿಕದ ಮನೋವೈದ್ಯ ಡೊನಾಲ್ಡ್ ಕ್ಲೈನ್ 1993ರಲ್ಲಿ ಒಂದು ಸಿದ್ಧಾಂತ ಮುಂದಿಟ್ಟರು: ಉಸಿರುಗಟ್ಟುವ ಅಪಾಯವನ್ನು ಪತ್ತೆ ಹಚ್ಚಲು ಮೆದುಳಿನಲ್ಲಿರುವ ವ್ಯವಸ್ಥೆ ಕೆಲವರಲ್ಲಿ ಅಪಾಯವಿಲ್ಲದಾಗಲೂ ಎಚ್ಚರಿಕೆ ಕೊಡುತ್ತದೆ. ಶೇ 35ರಷ್ಟು ಇಂಗಾಲದ ಡೈಆಕ್ಸೈಡ್ ಇರುವ ಗಾಳಿಯನ್ನು ಒಮ್ಮೆ ಎಳೆದುಕೊಂಡರೆ ಪ್ಯಾನಿಕ್ ಕಾಯಿಲೆ ಇರುವ ಬಹಳಷ್ಟು ಜನರಲ್ಲಿ ದಾಳಿ ಏಳುತ್ತದೆ, ಇಲ್ಲದವರಲ್ಲಿ ಅಷ್ಟಾಗಿ ಏಳುವುದಿಲ್ಲ ಎಂಬುದು ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಉಸಿರಿನ ಲಕ್ಷಣಗಳು ಮುಂದಿರುವವರನ್ನು ಪ್ರತ್ಯೇಕ ಉಪವರ್ಗವೆಂದು ನೋಡಬಹುದು ಎಂಬ ಅಧ್ಯಯನವೂ ಅದೇ 1993ರಲ್ಲಿ ಬಂತು. ಯಾವ ಔಷಧ ಕೊಡಬೇಕೆಂದು ತೀರ್ಮಾನಿಸುವಷ್ಟು ಗಟ್ಟಿಯಾಗಿ ಆ ವಿಂಗಡಣೆ ಇನ್ನೂ ನಿಂತಿಲ್ಲ, ಆದರೆ ರೋಗಿಗಳ ನಡುವಿನ ವ್ಯತ್ಯಾಸ ಬರೀ ಕಲ್ಪನೆಯಲ್ಲ ಎನ್ನುವುದಕ್ಕೆ ಅದು ಸಾಕ್ಷಿ.

ತಲೆಯ ರೂಪದವರು ಸುತ್ತುವುದು ಇಎನ್‌ಟಿ ಮತ್ತು ನರರೋಗ ವೈದ್ಯರನ್ನು. ನೆಲ ವಾಲಿದಂತೆ, ನಡೆಯುವಾಗ ಜೋಲಿ ಹೊಡೆದಂತೆ, ಸೂಪರ್ ಮಾರ್ಕೆಟ್ಟಿನ ಬೆಳಕಿನ ಸಾಲುಗಳ ನಡುವೆ ತಲೆ ತೇಲಿದಂತೆ ಇವರಿಗಾಗುತ್ತದೆ. ಇವರ ದೊಡ್ಡ ಭಯ ಎಲ್ಲರೆದುರು ಬಿದ್ದುಬಿಡುತ್ತೇನೆ ಎಂಬುದು. ವಾಸ್ತವದಲ್ಲಿ ಪ್ಯಾನಿಕ್ ದಾಳಿಯಲ್ಲಿ ಪ್ರಜ್ಞೆ ತಪ್ಪುವುದು ಬಹಳ ಅಪರೂಪ: ಪ್ರಜ್ಞೆ ತಪ್ಪಲು ಸಾಮಾನ್ಯವಾಗಿ ರಕ್ತದೊತ್ತಡ ಕುಸಿಯಬೇಕು, ಇಲ್ಲಿ ಅದು ಏರಿರುತ್ತದೆ. ಸೂಜಿ, ರಕ್ತ ಕಂಡರೆ ಮಾತ್ರ ತಲೆ ತಿರುಗಿ ಬೀಳುವವರ ಭಯ ಬೇರೆ ಜಾತಿಯದು. ಇದೇ ಗುಂಪಿನಲ್ಲಿ ಇನ್ನೂ ಕೆಲವರಿದ್ದಾರೆ. ಅವರಿಗೆ ತಮ್ಮ ಕೈ ತಮ್ಮದಲ್ಲ, ತಮ್ಮ ದನಿ ಬೇರೆಲ್ಲಿಂದಲೋ ಬರುತ್ತಿದೆ ಅನ್ನಿಸುತ್ತದೆ. ಇದನ್ನು ಬಾಯಿಬಿಟ್ಟು ಹೇಳಲು ಜನ ಅಂಜುತ್ತಾರೆ, ಹುಚ್ಚೆಂದು ಬರೆದುಬಿಡುತ್ತಾರೆಂಬ ಅಳುಕು. ಅದು ಹುಚ್ಚಿನ ಆರಂಭವಲ್ಲ. ಪಟ್ಟಿಯಲ್ಲಿ ಎದೆಬಡಿತದ ಜೊತೆಯಲ್ಲೇ ಕೂತಿರುವ, ದಾಳಿ ಇಳಿದಂತೆ ಇಳಿಯುವ ಲಕ್ಷಣ. ವೈದ್ಯರ ಬಳಿ ಮೊದಲು ಹೇಳಬೇಕಾದ್ದು ಅದನ್ನೇ.

ಹೊಟ್ಟೆಯ ರೂಪದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ನಮ್ಮ ಮನೆಗಳಲ್ಲಿ ಅದಕ್ಕೆ ಆಗಲೇ ಒಂದು ಹೆಸರಿದೆ: ಗ್ಯಾಸ್. ಹೊಟ್ಟೆಯಿಂದ ಎದ್ದು ಎದೆಗೆ ಒತ್ತಿ ತಲೆಗೆ ಏರಿತು ಎಂದು ವರ್ಣಿಸುವ ಕಡೆ ಗ್ಯಾಸ್ಟ್ರಿಕ್ ಮಾತ್ರೆ, ಸೋಡಾ, ಎಂಡೋಸ್ಕೋಪಿಗಳ ಸರಣಿ ನಡೆಯುತ್ತದೆ. ಇಂಥ ವಿವರಣೆ ನಮ್ಮದಷ್ಟೇ ಅಲ್ಲ. ಕಾಂಬೋಡಿಯಾದ ನಿರಾಶ್ರಿತರಲ್ಲಿ, ದೇಹದೊಳಗಿನ ಗಾಳಿ ಮೇಲೇರಿ ಕುತ್ತಿಗೆಯ ನಾಳಗಳನ್ನು ಒಡೆಯುತ್ತದೆ ಎಂಬ ನಂಬಿಕೆಯಿದೆ, ಮತ್ತು ಅವರ ದಾಳಿಗಳಲ್ಲಿ ಕುತ್ತಿಗೆ ನೋವು, ಕಿವಿಯಲ್ಲಿ ಗುಂಯ್ ಎನ್ನುವುದು ಎದ್ದು ಕಾಣುತ್ತವೆ. ಡೆವನ್ ಹಿಂಟನ್ ಎಂಬ ಮನೋವೈದ್ಯ ಇದನ್ನು ವಿವರವಾಗಿ ದಾಖಲಿಸಿದ್ದಾರೆ. ಪೋರ್ಟೊರಿಕೊ ಮುಂತಾದ ಕೆರಿಬಿಯನ್ ನಾಡುಗಳಲ್ಲಿ ತಡೆಯಲಾಗದ ಅಳು, ಕಿರುಚಾಟವೇ ಮುಂದಿರುವ ದಾಳಿಗಳಿವೆ. ಕೈಪಿಡಿ ಇವುಗಳನ್ನು ಗಮನಿಸಿದೆ, ಆದರೆ ಅಗತ್ಯವಾದ ನಾಲ್ಕರ ಲೆಕ್ಕಕ್ಕೆ ಸೇರಿಸಬಾರದು ಎನ್ನುತ್ತದೆ. ನನಗೆ ಈ ಗೆರೆ ತುಸು ಕೃತಕವೆನಿಸುತ್ತದೆ. ಒಂದು ಸಮಾಜ ದೇಹವನ್ನು ಹೇಗೆ ಅರ್ಥಮಾಡಿಕೊಂಡಿದೆಯೋ ಅದಕ್ಕೆ ತಕ್ಕಂತೆ ಅಲ್ಲಿನ ಭಯ ದೇಹದಲ್ಲಿ ಜಾಗ ಹುಡುಕಿಕೊಳ್ಳುತ್ತದೆ ಎಂದ ಮೇಲೆ, 'ಗ್ಯಾಸ್ ಏರಿತು' ಎಂದು ಬಂದವರನ್ನು ಪೂರ್ತಿ ಕೇಳಿಸಿಕೊಳ್ಳುವ ವೈದ್ಯರೇ ನಿಜವಾದ ಲಕ್ಷಣವನ್ನು ಹಿಡಿಯಬಲ್ಲರು. ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೇ ವರ್ಗೀಕರಣ 2022ರಿಂದ ಜಾರಿಯಲ್ಲಿದೆ. ಅದು ನಾಲ್ಕೇ ಆಗಬೇಕೆಂದು ಎಣಿಸುತ್ತ ಕೂರುವುದಿಲ್ಲ, ಹಲವು ಲಕ್ಷಣಗಳು ಒಟ್ಟಿಗೆ ಬೇಗ ಏಳುತ್ತವೆಯೇ ಎಂದು ನೋಡುತ್ತದೆ.

ಸುಲಭವಾಗಿ ಕೈತಪ್ಪುವ ಇನ್ನೆರಡು ರೂಪಗಳಿವೆ. ಒಂದು, ಭಯವೇ ಇಲ್ಲದ ಪ್ಯಾನಿಕ್. ಎದೆ ಹೊಡೆದುಕೊಳ್ಳುತ್ತದೆ, ಬೆವರುತ್ತದೆ, ಉಸಿರು ಕಟ್ಟುತ್ತದೆ, ಆದರೆ 'ಹೆದರಿಕೆ ಆಯಿತೇ?' ಎಂದರೆ 'ಇಲ್ಲವಲ್ಲ' ಎಂಬ ಪ್ರಾಮಾಣಿಕ ಉತ್ತರ. ಹೃದ್ರೋಗ ವಿಭಾಗಕ್ಕೆ ಬರುವವರಲ್ಲಿ ಇಂಥವರಿರುವುದನ್ನು ಬರ್ನಾರ್ಡ್ ಬೈಟ್‌ಮನ್ ಮತ್ತು ಸಂಗಡಿಗರು 1980ರ ದಶಕದಲ್ಲೇ ತೋರಿಸಿದರು. ಭಯವನ್ನು ಒಪ್ಪಿಕೊಳ್ಳುವುದೇ ಸಣ್ಣತನ ಎಂದು ಗಂಡಸರನ್ನು ಬೆಳೆಸುವ ಕಡೆ ಈ ಪ್ರಶ್ನೆಯೊಂದನ್ನೇ ನೆಚ್ಚಿಕೊಂಡರೆ ಕಾಯಿಲೆ ಹೇಗೆ ಸಿಕ್ಕೀತು? ಇನ್ನೊಂದು, ನಿದ್ದೆಯಲ್ಲಿ ಬರುವ ದಾಳಿ. ಮಲಗಿದ ಮೊದಲ ಕೆಲವು ಗಂಟೆಗಳಲ್ಲಿ, ನಿದ್ದೆ ಆಳಕ್ಕೆ ಇಳಿಯುವ ಹಂತದಲ್ಲಿ, ಕನಸಿಲ್ಲದೆ ಧಿಗ್ಗನೆ ಎದ್ದು ಕೂರುತ್ತಾರೆ. ಕೆಟ್ಟ ಕನಸಿನಿಂದ ಎದ್ದವರಿಗೆ ಹೇಳಲು ಕಥೆ ಇರುತ್ತದೆ, ಇವರಿಗೆ ಇರುವುದಿಲ್ಲ. ಗೊರಕೆ ಹೊಡೆದು ರಾತ್ರಿಯೆಲ್ಲ ಹಲವು ಬಾರಿ ಉಸಿರುಗಟ್ಟಿ ಎದ್ದು, ಹಗಲು ತೂಕಡಿಸುವವರದು ಬೇರೆ ಸಮಸ್ಯೆ, ಅದಕ್ಕೆ ನಿದ್ರಾ ಪರೀಕ್ಷೆ ಬೇಕು. ವಯಸ್ಸು, ಲಿಂಗಗಳೂ ಚಿತ್ರವನ್ನು ಬದಲಿಸುತ್ತವೆ: ಕಾಯಿಲೆ ಹೆಚ್ಚಾಗಿ ಇಪ್ಪತ್ತರ ಆಸುಪಾಸಿನಲ್ಲಿ ಶುರುವಾಗುತ್ತದೆ, ಹೆಂಗಸರಲ್ಲಿ ಗಂಡಸರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು, ವಯಸ್ಸಾದವರಲ್ಲಿ ದಾಳಿಯ ತೀವ್ರತೆ ಕಡಿಮೆ. ಹಾಗಾಗಿ ಅರವತ್ತು ದಾಟಿದ ಮೇಲೆ ಮೊದಲ ಬಾರಿಗೆ ಇಂಥದ್ದು ಬಂದರೆ ಬೇರೆ ಕಾರಣವನ್ನೇ ಮೊದಲು ಹುಡುಕಬೇಕು.

ಇಷ್ಟು ಹೇಳಿದ ಮೇಲೆ ಏಳುವ ಅತ್ಯಂತ ಗಂಭೀರ ಆಕ್ಷೇಪ ಇದು: ಎದೆನೋವೂ ಪ್ಯಾನಿಕ್, ಉಸಿರೂ ಪ್ಯಾನಿಕ್, ಹೊಟ್ಟೆಯೂ ಪ್ಯಾನಿಕ್ ಅಂದರೆ ನಿಜವಾದ ಹೃದಯಾಘಾತ ತಪ್ಪಿಹೋಗದೇ? ಈ ಆತಂಕ ನ್ಯಾಯವಾದದ್ದು, ಅದಕ್ಕೆ ನಾನು ಪೂರ್ತಿ ತಲೆಬಾಗುತ್ತೇನೆ. ಮಾಂಟ್ರಿಯಲ್ಲಿನ ಆ ಅಧ್ಯಯನದಲ್ಲೇ ಪ್ಯಾನಿಕ್ ಇದ್ದವರ ಪೈಕಿ ಶೇ 44ರಷ್ಟು ಮಂದಿಗೆ ಹೃದಯದ ರಕ್ತನಾಳದ ಕಾಯಿಲೆಯೂ ಮೊದಲಿನಿಂದ ಇತ್ತು. ಎರಡೂ ಒಬ್ಬರಲ್ಲೇ ಇರಬಹುದು, ಒಂದಿದೆ ಎನ್ನುವುದು ಇನ್ನೊಂದಿಲ್ಲ ಎನ್ನುವುದಕ್ಕೆ ಪುರಾವೆಯಲ್ಲ. ಆದ್ದರಿಂದ ಮೊದಲ ಬಾರಿ ಬಂದ ಎದೆನೋವನ್ನು ಮನೆಯಲ್ಲಿ ಕೂತು ಪ್ಯಾನಿಕ್ ಎಂದು ತೀರ್ಮಾನಿಸುವ ಹಕ್ಕು ಯಾರಿಗೂ ಇಲ್ಲ. ಮೆಟ್ಟಿಲು ಹತ್ತಿದಾಗ ಬಂದು ನಿಂತಾಗ ಇಳಿಯುವ ನೋವು, ಎಡತೋಳು, ದವಡೆ, ಬೆನ್ನಿಗೆ ಹರಡುವ ಭಾರ, ಹದಿನೈದು ಇಪ್ಪತ್ತು ನಿಮಿಷವಾದರೂ ಬಿಡದ ಒತ್ತಡ, ನಿಜವಾಗಿ ಪ್ರಜ್ಞೆ ತಪ್ಪುವುದು, ಒಂದು ಬದಿಯ ಕೈಕಾಲು ಸೋಲುವುದು, ಮಾತು ತೊದಲುವುದು, ತುಟಿ ನೀಲಿಗಟ್ಟುವುದು: ಇವುಗಳಲ್ಲಿ ಒಂದಿದ್ದರೂ 108ಕ್ಕೆ ಕರೆ ಮಾಡಬೇಕು. ಸಕ್ಕರೆ ಕಾಯಿಲೆ, ಬಿಪಿ, ಧೂಮಪಾನ, ಕುಟುಂಬದಲ್ಲಿ ಹೃದ್ರೋಗ ಇದ್ದವರು ಇನ್ನೂ ಎಚ್ಚರವಾಗಿರಬೇಕು. ಸಕ್ಕರೆ ಕಾಯಿಲೆ ಇರುವವರಲ್ಲಿ ಮತ್ತು ಹೆಂಗಸರಲ್ಲಿ ಹೃದಯಾಘಾತವೇ ಎದೆನೋವಿಲ್ಲದೆ ಬರೀ ಸುಸ್ತು, ವಾಕರಿಕೆಯಾಗಿ ಬರಬಹುದು. ಪುನೀತ್ ಹೆಸರಿನ ಹೃದಯಜ್ಯೋತಿ ಯೋಜನೆಯಿಂದ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆಸಿ ಪರಿಣತರ ಅಭಿಪ್ರಾಯ ಪಡೆಯಲು ಸಾಧ್ಯವಾಗಿದೆ, ಅದನ್ನು ಬಳಸಿಕೊಳ್ಳಬೇಕು.

ಹೃದಯವಷ್ಟೇ ಅಲ್ಲ. ಥೈರಾಯ್ಡ್ ಹೆಚ್ಚಾಗಿ ಕೆಲಸ ಮಾಡಿದರೆ ಬಡಿತ, ನಡುಕ, ಬೆವರು ಬರುತ್ತವೆ. ಇನ್ಸುಲಿನ್ ಅಥವಾ ಕೆಲವು ಸಕ್ಕರೆ ಮಾತ್ರೆ ತೆಗೆದುಕೊಂಡು ಊಟ ತಡವಾದವರಲ್ಲಿ ಸಕ್ಕರೆ ಇಳಿದಾಗಲೂ ಹಾಗೇ. ರಕ್ತಹೀನತೆ, ಆಸ್ತಮಾ, ಹೃದಯದ ಲಯ ದಿಢೀರನೆ ಏರುವ ಕಾಯಿಲೆ, ಒಳಕಿವಿಯ ತೊಂದರೆ, ಒಂದು ಬಗೆಯ ಅಪಸ್ಮಾರ ಕೂಡ ಪ್ಯಾನಿಕ್‌ನಂತೆಯೇ ಕಾಣಬಲ್ಲವು. ಹೆಚ್ಚು ಕಾಫಿ, ಆಸ್ತಮಾದ ಕೆಲವು ಇನ್‌ಹೇಲರ್‌ಗಳು, ಮೂಗು ಕಟ್ಟಿದ್ದಕ್ಕೆ ಕೊಡುವ ಮಾತ್ರೆ, ಗಾಂಜಾ, ದಿನವೂ ಕುಡಿಯುತ್ತಿದ್ದವರು ಥಟ್ಟನೆ ಮದ್ಯ ನಿಲ್ಲಿಸುವುದು ಸಹ. ಆದರೆ ಈ ಆಕ್ಷೇಪಕ್ಕೆ ಇನ್ನೊಂದು ಮಗ್ಗುಲಿದೆ. ಪರೀಕ್ಷೆ ಒಮ್ಮೆ ಸರಿಯಾಗಿ, ಪೂರ್ತಿಯಾಗಿ ಆಗಲಿ. ಹೊಸ ಕಾರಣವಿಲ್ಲದೆ ಅದೇ ಪರೀಕ್ಷೆಯನ್ನು ಆರು ಆಸ್ಪತ್ರೆಗಳಲ್ಲಿ ಮಾಡಿಸುವುದು ಸುರಕ್ಷತೆಯನ್ನು ಹೆಚ್ಚಿಸುವುದಿಲ್ಲ. ಪ್ರತಿ ಸಲ 'ಸರಿ ಇದೆ' ಎಂಬ ಮಾತಿನ ನೆಮ್ಮದಿ ಕೆಲವು ದಿನಕ್ಕೆ ಸವೆದು, ಮತ್ತೊಂದು ಪರೀಕ್ಷೆಯ ಹಸಿವು ಹುಟ್ಟುತ್ತದೆ. ಅಷ್ಟರಲ್ಲಿ ಮೂಲ ಕಾಯಿಲೆ ಬೇರೂರುತ್ತದೆ.

ಎರಡನೇ ಆಕ್ಷೇಪ ಹೆಚ್ಚು ತಾತ್ವಿಕ: ಹೀಗೆ ಸಾವಿರಾರು ರೂಪಗಳಿದ್ದರೆ ಅದನ್ನು ಒಂದೇ ಕಾಯಿಲೆ ಎನ್ನಬಹುದೇ? ಕಾರಣ ಗೊತ್ತಾಗದ್ದಕ್ಕೆಲ್ಲ ವೈದ್ಯರು ಅಂಟಿಸುವ ಚೀಟಿಯಲ್ಲವೇ ಇದು? ಪ್ಯಾನಿಕ್ ಕಾಯಿಲೆಗೆ ಪ್ರತ್ಯೇಕ ಸ್ಥಾನ ಸಿಕ್ಕಿದ್ದೇ 1980ರಲ್ಲಿ, ಆ ಕೈಪಿಡಿಯ ಮೂರನೇ ಆವೃತ್ತಿಯಲ್ಲಿ. ಅದಕ್ಕೂ ಮೊದಲು ಕ್ಲೈನ್, ಇಮಿಪ್ರಮಿನ್ ಎಂಬ ಔಷಧದಿಂದ ಥಟ್ಟನೆ ಬರುವ ದಾಳಿಗಳು ನಿಲ್ಲುವುದನ್ನೂ, 'ಮತ್ತೆ ಬಂದೀತು' ಎಂಬ ಮುಂಗಡ ಚಿಂತೆ ಮಾತ್ರ ಉಳಿಯುವುದನ್ನೂ ಗಮನಿಸಿದ್ದರು. ದಾಳಿ ಮತ್ತು ಚಿಂತೆ ಎರಡು ಬೇರೆ ಪದರಗಳು ಎಂಬ ಅರಿವು ಅಲ್ಲಿಂದ ಬೆಳೆಯಿತು. ಇಂದು ನೋಡಿದರೆ, ಎದೆಯ ರೂಪದವರಿರಲಿ ತಲೆಯ ರೂಪದವರಿರಲಿ, ಕಾಯಿಲೆಯ ನಡೆ ಆಶ್ಚರ್ಯವೆನಿಸುವಷ್ಟು ಒಂದೇ: ದಾಳಿ, ದಾಳಿಯ ಭಯ, ಆ ಭಯದಿಂದ ತಪ್ಪಿಸಿಕೊಳ್ಳುವಿಕೆ. ಒಬ್ಬರು ಮೆಟ್ಟಿಲು ಹತ್ತುವುದನ್ನು ಬಿಡುತ್ತಾರೆ, ಒಬ್ಬರು ಲಿಫ್ಟ್ ಬಿಡುತ್ತಾರೆ, ಒಬ್ಬರು ಬಸ್ಸಿನಲ್ಲಿ ಬಾಗಿಲ ಹತ್ತಿರವೇ ಕೂರುತ್ತಾರೆ, ಇನ್ನೊಬ್ಬರು ಮದುವೆಮನೆಗೆ ಹೋಗುವ ಮುನ್ನ ಊಟ ಬಿಡುತ್ತಾರೆ. ಏನನ್ನು ಬಿಟ್ಟರು ಎಂಬುದು ಬೇರೆ, ಬಿಡುವುದರ ಹಿಂದಿನ ಕಾರಣ ಒಂದೇ. ಒಂದೇ ಕಾಯಿಲೆ ಎನ್ನಲು ಈ ಆಧಾರ ಸಾಕು ಎಂಬುದು ನನ್ನ ನಿಲುವು. ಪರೀಕ್ಷೆಗಳಲ್ಲಿ ಏನೂ ಸಿಗದ್ದರಿಂದ 'ಹಾಗಾದರೆ ಪ್ಯಾನಿಕ್' ಎಂದು ಬರೆಯುವ ವೈದ್ಯರು ಮಾತ್ರ ಇಲ್ಲಿ ತಪ್ಪು ಮಾಡುತ್ತಾರೆ. ಕಾಯಿಲೆಯ ನಡೆಯನ್ನು ವಿಚಾರಿಸಿ, ಅದು ಹೊಂದಿದರೆ ಮಾತ್ರ ಹಾಗೆ ಬರೆಯಬೇಕು.

ಸಾಮಾನ್ಯ ಗಾಬರಿಗೆಲ್ಲ ಕಾಯಿಲೆಯ ಹೆಸರಿಡುತ್ತಿದ್ದೇವೆ ಎಂಬ ದೂರಿಗೂ ಇಲ್ಲೇ ಉತ್ತರವಿದೆ. ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಸಮೀಕ್ಷೆಯ ಪ್ರಕಾರ, ಜೀವಮಾನದಲ್ಲಿ ಬಿಡಿ ದಾಳಿಗಳನ್ನಷ್ಟೇ ಅನುಭವಿಸಿ ಕಾಯಿಲೆಗೆ ತಿರುಗದವರು ಶೇ 22.7, ಕಾಯಿಲೆಯಾಗಿ ಪರಿಣಮಿಸಿದವರು ಶೇ 5ಕ್ಕಿಂತ ಕಡಿಮೆ. ಪರೀಕ್ಷೆಯ ಹಿಂದಿನ ರಾತ್ರಿ ಒಮ್ಮೆ ಎದೆ ಹೊಡೆದುಕೊಂಡ ವಿದ್ಯಾರ್ಥಿಗೆ ಕಾಯಿಲೆ ಇದೆಯೆಂದಲ್ಲ. ದಾಳಿ ಬರುವುದು ಸಾಮಾನ್ಯ, ಅದರ ಸುತ್ತ ಬದುಕು ಮುದುಡಿಕೊಳ್ಳುವುದು ಕಾಯಿಲೆ.

'ಚಿಕಿತ್ಸೆ ಹೇಗೂ ಒಂದೇ, ರೂಪದ ಚರ್ಚೆ ಏಕೆ?' ಎಂದು ಕೇಳುವವರಿಗೆ ಉತ್ತರ ಚಿಕಿತ್ಸೆಯ ವಿವರದಲ್ಲೇ ಸಿಗುತ್ತದೆ. ಔಷಧದ ಮಟ್ಟಿಗೆ ಅವರ ಮಾತು ಬಹುಪಾಲು ಸರಿ: ಸರ್ಟ್ರಾಲಿನ್, ಎಸಿಟಲೋಪ್ರಾಂನಂಥ ಮಾತ್ರೆಗಳು ಎಲ್ಲ ರೂಪಗಳಿಗೂ ಕೊಡುವಂಥವು. ಅಲ್ಲೂ ಒಂದು ಸೂಕ್ಷ್ಮ ಇದೆ. ಈ ಮಾತ್ರೆಗಳು ಕೆಲಸ ಶುರುಮಾಡಲು ಕೆಲವು ವಾರ ಬೇಕು, ಮೊದಲ ದಿನಗಳಲ್ಲಿ ಚಡಪಡಿಕೆ, ಹೊಟ್ಟೆ ತೊಳಸುವುದು ಹೆಚ್ಚಾಗಬಹುದು. ಹೊಟ್ಟೆಯ ರೂಪದವರು ಅದನ್ನೇ ಹೊಸ ದಾಳಿ ಎಂದು ತಿಳಿದು ಮಾತ್ರೆ ಬಿಡುತ್ತಾರೆ. ಕಡಿಮೆ ಪ್ರಮಾಣದಿಂದ ಆರಂಭಿಸಿ ಮೊದಲೇ ತಿಳಿಸಿದರೆ ಇದು ತಪ್ಪುತ್ತದೆ. ಮಾತಿನ ಚಿಕಿತ್ಸೆಯಲ್ಲಂತೂ ರೂಪವೇ ಪಠ್ಯ. ಅರಿವಿನ ವರ್ತನಾ ಚಿಕಿತ್ಸೆಯ ಒಂದು ಮುಖ್ಯ ಭಾಗ, ಹೆದರಿಸುವ ದೈಹಿಕ ಅನುಭವವನ್ನು ಸುರಕ್ಷಿತವಾಗಿ, ಬೇಕೆಂದೇ ಬರಿಸಿಕೊಂಡು ಅದು ಅಪಾಯಕಾರಿಯಲ್ಲ ಎಂದು ಮೈಗೆ ಕಲಿಸುವುದು. ಎದೆಬಡಿತಕ್ಕೆ ಹೆದರುವವರನ್ನು ನಿಂತಲ್ಲೇ ಓಡಿಸುತ್ತಾರೆ. ತಲೆಸುತ್ತಿಗೆ ಹೆದರುವವರನ್ನು ತಿರುಗುವ ಕುರ್ಚಿಯಲ್ಲಿ ಕೂರಿಸುತ್ತಾರೆ. ಉಸಿರಿಗೆ ಹೆದರುವವರಿಗೆ ಸಣ್ಣ ಸ್ಟ್ರಾದಲ್ಲಿ ಉಸಿರಾಡಿಸುತ್ತಾರೆ. ಎದೆಗೆ ಹೆದರುವವರನ್ನು ಕುರ್ಚಿಯಲ್ಲಿ ತಿರುಗಿಸಿ ಏನು ಪ್ರಯೋಜನ? ಹೃದಯ, ಶ್ವಾಸಕೋಶ, ಅಪಸ್ಮಾರದ ತೊಂದರೆ ಇಲ್ಲವೆಂದು ಖಚಿತವಾದ ಮೇಲೆ, ತರಬೇತಿ ಪಡೆದವರ ಜೊತೆಗೆ ಮಾತ್ರ ಇದನ್ನು ಶುರುಮಾಡಬೇಕು.

ಮನೆಯ ಅಭ್ಯಾಸಗಳಲ್ಲಿ ಎರಡರ ಬಗ್ಗೆ ಎಚ್ಚರಿಸಲೇಬೇಕು. ಕಾಗದದ ಚೀಲಕ್ಕೆ ಬಾಯಿಟ್ಟು ಉಸಿರಾಡಿಸುವ ಹಳೆಯ ಉಪಾಯ ಬೇಡ. ಹೃದಯ ಅಥವಾ ಶ್ವಾಸಕೋಶದ ಕಾಯಿಲೆ ಇದ್ದರೆ ಅದರಿಂದ ಪ್ರಾಣಕ್ಕೇ ಅಪಾಯ. ನಿಧಾನವಾಗಿ, ಒಳಗೆಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹೊರಬಿಡುವ ಉಸಿರಾಟ ಸಾಕು. ಇನ್ನೊಂದು, ಯಾರಿಗೋ ಬರೆದ ಅಲ್ಪ್ರಾಜೋಲಾಂ ಮಾತ್ರೆಯನ್ನು ತಾನೂ ನುಂಗುವುದು. ಅದು ಅರ್ಧ ಗಂಟೆಯಲ್ಲಿ ಶಾಂತಗೊಳಿಸುತ್ತದೆ, ಅದಕ್ಕೇ ಅಪಾಯಕಾರಿ. ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ, ದಿಢೀರನೆ ಬಿಟ್ಟರೆ ದಾಳಿಗಿಂತ ಕೆಟ್ಟ ಸ್ಥಿತಿ ಬರಬಹುದು, ಫಿಟ್ಸ್ ಕೂಡ. ಈಗಾಗಲೇ ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ನಾಳೆಯೇ ನಿಲ್ಲಿಸಬಾರದು, ವೈದ್ಯರ ಮೇಲ್ವಿಚಾರಣೆಯಲ್ಲಿ ಹಂತಹಂತವಾಗಿ ಇಳಿಸಬೇಕು.

ವೈದ್ಯರ ಬಳಿ ಹೋಗುವ ಮುನ್ನ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಮೊದಲು ಮೈಯ ಯಾವ ಭಾಗದಲ್ಲಿ ಏನಾಯಿತು, ತುದಿ ಮುಟ್ಟಲು ಎಷ್ಟು ನಿಮಿಷ, ಇಳಿಯಲು ಎಷ್ಟು, ಆ ಹೊತ್ತಿನಲ್ಲಿ ಏನಾಗಿಬಿಡುತ್ತದೆಂದು ಹೆದರಿಕೆಯಾಯಿತು, ಅಂದಿನಿಂದ ಏನೇನು ಮಾಡುವುದನ್ನು ಬಿಟ್ಟಿದ್ದೀರಿ. ಕೊನೆಯ ಪ್ರಶ್ನೆಯನ್ನು ಮನೆಯವರನ್ನೂ ಕೇಳಿ, ಅವರಿಗೆ ಕಂಡದ್ದು ನಿಮಗೆ ಕಂಡಿರುವುದಿಲ್ಲ. ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಹೆಸರು, ದಿನಕ್ಕೆಷ್ಟು ಕಾಫಿ, ಮದ್ಯ ಎನ್ನುವುದನ್ನೂ ಸೇರಿಸಿ. ಬದುಕುವುದೇ ಬೇಡ ಎಂಬ ಯೋಚನೆ ಬಂದಿದ್ದರೆ ಅದನ್ನು ಚೀಟಿಯ ಮೊದಲ ಸಾಲಿನಲ್ಲಿ ಬರೆಯಿರಿ. ಕರ್ನಾಟಕದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ಮನೋವೈದ್ಯರ ಸೇವೆಯ ವ್ಯವಸ್ಥೆ ಇದೆ, ಜಿಲ್ಲಾ ಆಸ್ಪತ್ರೆಗಳಲ್ಲೂ ಮನೋವೈದ್ಯ ವಿಭಾಗ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಎಲ್ಲಿಗೆ ಹೋಗುವುದೆಂದು ತೋಚದಿದ್ದರೆ 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತನಾಡಬಹುದು.